ಕಲಾವಿದೆ ತೊಳೆದ ಕೊಳವೆಗಳು

ಪ್ರಯೋಗಾಲಯದ ಪಾತ್ರೆ ತೊಳೆಯುವ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷ ಸವೆಸಿದ್ದಾಳೆ. ಗಾಜಿನ ಮೇಲೆ ಸಾಸಿವೆಯಷ್ಟು ಕಲೆ ಕಂಡರೂ ಮೈ ಉರಿಯುವ ಹೆಂಗಸು. ಅದಕ್ಕೇ ಅಲ್ಲಿನವರು ಅವಳಿಗೆ ಇಟ್ಟ ಹೆಸರು ‘ಕಲಾವಿದೆ’. ಹೆಸರಿನ ಬಗ್ಗೆ ಅವಳ ತಕರಾರೇನೂ ಇರಲಿಲ್ಲ, ಒಳಗೊಳಗೇ ಜಂಬವಿತ್ತು.

ಆ ಜಂಬವೇ ಎಡವಟ್ಟು ಮಾಡಿತು. ಮೇಲಿನ ಮಹಡಿಯ ವಿಜ್ಞಾನಿ ಮೇಡಂ ಮೂರು ವರ್ಷ ಒದ್ದಾಡಿ ಒಂದು ಬಣ್ಣ ತಯಾರಿಸಿದ್ದರು. ಮೈಯೊಳಗೆ ಎಲ್ಲಿ ಊತವಿದೆಯೋ ಅಲ್ಲಿ ಆಮ್ಲಜನಕ ರೊಚ್ಚಿಗೇಳುತ್ತದಂತೆ. ಅದು ತಾಗಿದರೆ ಮಾತ್ರ ಈ ಬಣ್ಣಕ್ಕೆ ಎಚ್ಚರ. ಆಮೇಲೆ ಲೇಸರ್ ಬೆಳಕು ಬಿಟ್ಟರೆ ನಮ್ಮ ಕಿವಿಗೆ ನಿಲುಕದ ಸದ್ದು ಮಾಡುತ್ತದೆ, ಯಂತ್ರ ಆ ಸದ್ದು ಹಿಡಿದು ಚಿತ್ರ ಬಿಡಿಸುತ್ತದೆ. ಬರೀ ನೀರಿನಲ್ಲಿ ಬಣ್ಣ ತೆಪ್ಪಗಿರಬೇಕು. ಆದರೆ ಎರಡು ತಿಂಗಳಿಂದ ಬರೀ ನೀರಿನಲ್ಲೂ ಅದು ಗಲಾಟೆ ಎಬ್ಬಿಸುತ್ತಿತ್ತು. ಮೇಡಂ ಚಿಂತೆಯಲ್ಲಿ ಸೊರಗಿ ಅರ್ಧವಾಗಿದ್ದರು.

ಒಂದು ಬೆಳಿಗ್ಗೆ ಅವಳು ತೊಳೆದ ಕೊಳವೆ ಕೊಡಲು ಹೋದಾಗ ಮೇಡಂ ಸೀಸೆಗಳ ಮೇಲಿನ ಚೀಟಿ ಕೀಳುತ್ತಿದ್ದರು. ಬಣ್ಣ ಕೈಕೊಟ್ಟಿತು, ಸೋಮವಾರ ಸಭೆಯಲ್ಲಿ ಕೈಬಿಟ್ಟೆ ಅಂತ ಹೇಳಿಬಿಡುತ್ತೇನೆ ಅಂದರು. ಬಟ್ಟೆ ಬೆಳ್ಳಗೆ ಮಾಡುವ ಬ್ಲೀಚಿನಲ್ಲಿರುವ ಅದೇ ರೊಚ್ಚಿನ ಸರಕು ನಮ್ಮ ಗಾಯದಲ್ಲೂ ಹುಟ್ಟುತ್ತದೆ, ಅದನ್ನು ಹಿಡಿಯುವ ಯೋಗ್ಯತೆ ನನಗಿಲ್ಲ ಎಂದು ನಿಟ್ಟುಸಿರಿಟ್ಟರು.

ಬ್ಲೀಚು ಎಂಬ ಮಾತು ಕೇಳಿ ಕಲಾವಿದೆ ಕೈಯಲ್ಲಿದ್ದ ಕೊಳವೆಗಳನ್ನು ನೋಡಿದಳು. ಎರಡು ತಿಂಗಳ ಹಿಂದೆ ಬ್ರಶ್ ಹೋಗದ ಸಣ್ಣ ಕೊಳವೆಗಳ ತಳದಲ್ಲಿ ನೀಲಿ ಕಲೆ ಜಪ್ಪಯ್ಯ ಅಂದರೂ ಬಿಡದೆ ಕೂತಿತ್ತು. ಕೊಟ್ಟ ಸೋಪು ಬಿಟ್ಟು ಬೇರೇನೂ ಬಳಸಬಾರದೆಂಬ ನಿಯಮ ಮೀರಿ, ಮನೆಯಿಂದ ಬ್ಲೀಚು ತಂದು ನೆನೆಹಾಕಿದ್ದಳು. ಅಂದಿನಿಂದ ಅದೇ ರೂಢಿ. ಹೇಳಿದರೆ ಕೆಲಸಕ್ಕೇ ಕುತ್ತು, ಮನೆಯಲ್ಲಿ ಸೊಂಟ ಹಿಡಿದು ಮಲಗಿದ ಗಂಡ. ಹೇಳದಿದ್ದರೆ ಈ ಹೆಣ್ಣುಮಗಳ ಮೂರು ವರ್ಷ ನೀರುಪಾಲು. ಬಾಗಿಲ ತನಕ ಹೋದವಳು ತಿರುಗಿ ಬಂದಳು.

“ಬಣ್ಣದ್ದೇನೂ ತಪ್ಪಿಲ್ಲ ಮೇಡಂ. ತಪ್ಪು ನಂದು,” ಎಂದು ಎಲ್ಲವನ್ನೂ ಒಪ್ಪಿಸಿದಳು.

ಮೇಡಂ ಹೊಸ ಪೊಟ್ಟಣ ಒಡೆದು, ಯಾರ ಕೈಯೂ ತಾಗದ ಕೊಳವೆಯಲ್ಲಿ ನೀರು, ಬಣ್ಣ ಹಾಕಿ ಯಂತ್ರಕ್ಕಿಟ್ಟರು. ಪರದೆ ಕಪ್ಪಗೇ ಇತ್ತು, ಬಣ್ಣ ತೆಪ್ಪಗಿತ್ತು. ಇನ್ನೊಂದು ಕೊಳವೆ ಇಟ್ಟರು, ಆಗಲೂ ಕಪ್ಪು. ಅವರು ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡರು. ಇವಳು ಬೈಗುಳಕ್ಕೆ ತಲೆ ತಗ್ಗಿಸಿ ನಿಂತಳು.

“ಬ್ಲೀಚ್ ಹಾಕಿದ್ಮೇಲೆ ಎಷ್ಟು ಸಲ ನೀರಲ್ಲಿ ಜಾಲಿಸ್ತಿದ್ರಿ ಅಕ್ಕ?”

“ಆರು ಸಲ.”

“ಆರು ಸಲ ಆದ್ಮೇಲೂ ಉಳಿದ ಚೂರು ಬ್ಲೀಚನ್ನೂ ನನ್ನ ಬಣ್ಣ ಹಿಡಿದಿದೆ,” ಅಂದರು ಮೇಡಂ, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ಎದ್ದು ಬಂದರು. “ಕೆಳಗೆ ಆಫೀಸಲ್ಲಿ ಹೇಳೋದಂತೂ ಹೇಳಲೇಬೇಕು. ನೀವೊಬ್ರೇ ಹೋಗ್ಬೇಡಿ, ನಾನೂ ಬರ್ತೀನಿ.”

ಮೆಟ್ಟಿಲ ತುದಿಯಲ್ಲಿ ಕಲಾವಿದೆ ಕಂಬಿ ಹಿಡಿದು ನಿಂತುಬಿಟ್ಟಳು. ಮೇಡಂ ಒಂದು ಮೆಟ್ಟಿಲು ಮುಂದೆ ಇಳಿದು, ಹಿಂದೆ ತಿರುಗಿ ಕೈ ಚಾಚಿದರು.