ಕೈ ಹಚ್ಚದ ದಾನಪ್ಪ

ಅಮೆರಿಕದ ಟೆಕ್ಸಸ್‌ನ ಕೇಟಿ ಊರಲ್ಲಿ ಕನ್ನಡದವರ ಮನೆಗೆ ಊಟಕ್ಕೆ ಬಂದರೆ ದಾನಪ್ಪ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಸೂರಿನ ದೀಪಗಳನ್ನು. ಹುಬ್ಬಳ್ಳಿಯಲ್ಲಿ ಅರ್ಧ ಊರಿಗೆ ವೈರಿಂಗ್ ಮಾಡಿದ ಮೇಸ್ತ್ರಿ, ಇಲ್ಲಿ ಈ ವಯಸ್ಸಿನಲ್ಲಿ ಲೈಸೆನ್ಸ್ ಇದ್ದವರ ಕೈಕೆಳಗೆ ಅಪ್ರೆಂಟಿಸ್. ಪಾಯಸ ಕುಡಿಯುತ್ತಲೇ ಯಾವ ಬಲ್ಬು ಯುಗಾದಿ ಕಾಣುವುದಿಲ್ಲವೆಂದು ಭವಿಷ್ಯ ಹೇಳುತ್ತಾರೆ, ಗೋಡೆಗೆ ಕಿವಿಯಿಟ್ಟು ಸ್ವಿಚ್ಚಿನ ನರಳಾಟ ಕೇಳುತ್ತಾರೆ. ಆದರೆ ಲೋಟ ಕೆಳಗಿಟ್ಟರೋ ಇಲ್ಲವೋ, ಎರಡೂ ಕೈ ಬೆನ್ನ ಹಿಂದೆ. ಹಾಗೆ ಊಟಕ್ಕೆ ಕರೆಯುವವರಲ್ಲಿ ಒಬ್ಬರಾದ ರಮಾ ತಮ್ಮ ಮನೆಯ ಸೂರಿನಲ್ಲಿ ಕೆಟ್ಟು ನಿಂತ ಫ್ಯಾನು ತೋರಿಸಿ, “ಒಂದು ವೈರು ತಾನೇ ದಾನಪ್ಪನವರೇ, ಯಾರು ನೋಡ್ತಾರೆ?” ಎಂದು ಎಷ್ಟು ಸಲ ಪುಸಲಾಯಿಸಿದರೂ ಒಂದೇ ಉತ್ತರ: “ಪರೀಕ್ಷಾ ಪಾಸಾಗಿ ಆಸ್ಟಿನ್‌ದಾಗಿನ ಸರಕಾರಿ ಆಫೀಸಿಂದ ಲೈಸೆನ್ಸ್ ಕಾರ್ಡ್ ಬರೂತನಕ ಕೈ ಹಚ್ಚಂಗಿಲ್ರಿ ಅಕ್ಕಾರ.” ಇದು ಭಯವೋ ಜಂಬವೋ ರಮಾಗೆ ತಿಳಿಯಲಿಲ್ಲ. ಕೊನೆಗೆ ಲೈಸೆನ್ಸ್ ಇದ್ದ ಬಿಳಿಯನೊಬ್ಬನನ್ನು ಕರೆಸಿದರು. ಸುದ್ದಿ ತಿಳಿದು, “ಸುಮ್ನ ನೋಡಾಕ ಬಂದೀನ್ರಿ,” ಎಂದು ದಾನಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದೇಬಿಟ್ಟರು. ಏಣಿಯ ಮೇಲಿನವನನ್ನೇ ನೋಡುತ್ತ, ಕೈ ಹಿಂದೆ ಕಟ್ಟಿ ಕೆಳಗೆ ನಿಂತರು. ಕಾಫಿ ಹಿಡಿದು ಹಿಂದಿನಿಂದ ಬಂದ ರಮಾ ಬಾಗಿಲಲ್ಲೇ ನಿಂತುಬಿಟ್ಟರು. ಮೇಲೆ ಅವನು ವೈರು ಹೊಸೆದರೆ, ದಾನಪ್ಪನ ಬೆನ್ನ ಹಿಂದೆ ಎರಡು ಬೆರಳು ಖಾಲಿ ಗಾಳಿಯನ್ನು ಹೊಸೆಯುತ್ತಿದ್ದವು. ಅವನು ಸ್ಕ್ರೂ ಬಿಗಿದರೆ, ಇಲ್ಲಿ ಹೆಬ್ಬೆರಳು ಮೆಲ್ಲಗೆ ತಿರುಗುತ್ತಿತ್ತು. ಫ್ಯಾನು ತಿರುಗತೊಡಗಿದ ಮೇಲೆಯೇ ಆ ಬೆರಳುಗಳು ಸುಮ್ಮನಾದದ್ದು.