ಎರಡಿಂಚು ಕಡಿಮೆ ಹೊಲಿದ ಬ್ಲೌಸ್

2025ರ ಶ್ರಾವಣ. ಜೆ.ಪಿ. ನಗರದ ಒಂದು ಆಸ್ಪತ್ರೆಯಲ್ಲಿ ನಾನು ಹಿರಿಯ ಅರಿವಳಿಕೆ ತಜ್ಞೆ. ಆಪರೇಷನ್‌ಗೆ ಮುಂಚೆ ರೋಗಿಯ ಪ್ರಜ್ಞೆ ತಪ್ಪಿಸಿ, ಮುಗಿಯುವ ತನಕ ಉಸಿರು ಕಾಯುವುದು ನನ್ನ ಕೆಲಸ. ಇಪ್ಪತ್ತೆಂಟು ವರ್ಷದಿಂದ ಮಾಡುತ್ತಿದ್ದೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಥಿಯೇಟರಿನ ಸಿಸ್ಟರ್‌ಗಳು ಆಡಿಕೊಳ್ಳುತ್ತಾರೆ. ಸುಳ್ಳಲ್ಲ. ಈ ಪ್ರಕರಣದ ಸಿಟ್ಟಂತೂ ಇನ್ನೂ ಇಳಿದಿಲ್ಲ.

ಸವಿತಾ ಗದಗಿನ ಹುಡುಗಿ, ಇಪ್ಪತ್ತೇಳು ವರ್ಷ. ಬಿಟಿಎಂ ಲೇಔಟಿನಲ್ಲಿ ಬಾಡಿಗೆ ರೂಮು, ಅಲ್ಲೇ ಹತ್ತಿರದ ಆಫೀಸಿನಲ್ಲಿ ಕೆಲಸ. ಪಿತ್ತಕೋಶದಲ್ಲಿ ಕಲ್ಲಾಗಿ ಹೊಟ್ಟೆನೋವು ತಡೆಯಲಾಗದೆ ಬಂದಿದ್ದಳು. ಆಪರೇಷನ್‌ನ ಹಿಂದಿನ ದಿನ ಅರಿವಳಿಕೆಯ ತಪಾಸಣೆಗೆಂದು ನನ್ನ ಕೋಣೆಗೆ ಕರೆತಂದವರು ಬನಶಂಕರಿಯಲ್ಲಿರುವ ಅವಳ ಭಾವಿ ಅತ್ತೆ. ಕಾರ್ತಿಕದಲ್ಲಿ ಮದುವೆ ನಿಶ್ಚಯವಾಗಿತ್ತು.

ನಮ್ಮ ಕಡೆ ಒಂದು ರೂಢಿ ಇದೆ. ರೋಗಿಗೆ ಕೇಳಿದ ಪ್ರಶ್ನೆಗೆ ಜೊತೆಯಲ್ಲಿ ಬಂದವರು ಉತ್ತರ ಕೊಡುತ್ತಾರೆ. ಯಾವುದಾದರೂ ಔಷಧಿ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ ಎಂದು ನಾನು ಸವಿತಾಳನ್ನು ಕೇಳಿದೆ.

"ಏನೂ ಇಲ್ಲ ಡಾಕ್ಟ್ರೇ, ಒಂದು ತಲೆನೋವಿನ ಮಾತ್ರೆನೂ ತಗೊಳ್ಳಲ್ಲ. ಎಲ್ಲಾ ವಿಚಾರಿಸ್ಕೊಂಡೇ ನಾವು ಒಪ್ಕೊಂಡಿರೋದು" ಎಂದರು ಆಕೆ. ಸವಿತಾ ತಲೆ ತಗ್ಗಿಸಿದಳು. ಹೊರಗೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು. 'ಔಷಧಿ: ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಟೇಬಲ್ ಮೇಲೆ ಮಲಗಿದ್ದ ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಮೇಡಂ, ಒಂದು ಮಾತು ಹೇಳೋದೈತ್ರಿ."

"ಎದ್ದ ಮೇಲೆ ಹೇಳಮ್ಮ, ಹೆದರಬೇಡ" ಎಂದೆ. ಹೆದರಿದ ರೋಗಿಗಳಿಗೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾದ ಮಾತು.

ಹಿಂದಿನ ರಾತ್ರಿ ಹತ್ತು ಗಂಟೆಯಿಂದ ಅವಳು ಏನೂ ತಿಂದಿರಲಿಲ್ಲ, ಹೊಟ್ಟೆ ಖಾಲಿ ಇರಬೇಕಿತ್ತು. ಆದರೆ ಪ್ರಜ್ಞೆ ತಪ್ಪಿದ ಕೂಡಲೇ ಗಂಟಲಿಗೆ ಅನ್ನ ಬಂತು. ಹಿಂದಿನ ದಿನದ ಊಟ, ಅಗುಳು ಅಗುಳಾಗಿ. ಅದು ಶ್ವಾಸಕೋಶಕ್ಕೆ ಇಳಿಯಿತು. ಟೇಬಲ್ಲಿನ ತಲೆಭಾಗ ತಗ್ಗಿಸಿ, ಸಕ್ಷನ್ ಹಾಕಿ, ಟ್ಯೂಬ್ ಇಳಿಸುವಷ್ಟರಲ್ಲಿ ಆಕ್ಸಿಜನ್ ಎಪ್ಪತ್ತೆರಡಕ್ಕೆ ಬಿದ್ದಿತ್ತು. ಆಪರೇಷನ್ ನಿಲ್ಲಿಸಿ ಐಸಿಯುಗೆ ಸಾಗಿಸಿದೆವು. ಮೂರು ದಿನ ವೆಂಟಿಲೇಟರ್. ಆ ಮೂರು ದಿನ ನಾನು ಯಡಿಯೂರಿನ ಮನೆಗೆ ಹೋಗಿದ್ದು ಸ್ನಾನಕ್ಕೆ ಮಾತ್ರ.

ಎರಡನೆಯ ದಿನ ಸವಿತಾಳಿಗೆ ಎಚ್ಚರವಾಯಿತು. ಗಂಟಲಲ್ಲಿ ಟ್ಯೂಬ್ ಇದ್ದುದರಿಂದ ಪೆನ್ನು, ಕಾಗದ ಕೊಟ್ಟೆ. ಬದುಕುತ್ತೇನಾ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಬರೆದಳು: 'ಸಣ್ಣ ಆಗೂ ಇಂಜೆಕ್ಷನ್ ತಗೊಂಡೇನ್ರಿ. ಅತ್ತಿಯವರಿಗೆ ಹೇಳಬ್ಯಾಡ್ರಿ.'

ಟ್ಯೂಬ್ ತೆಗೆದ ಮೇಲೆ ಪೂರ್ತಿ ಕತೆ ಗೊತ್ತಾಯಿತು. ನಿಶ್ಚಿತಾರ್ಥದ ದಿನವೇ ಧಾರೆಸೀರೆಯ ಬ್ಲೌಸನ್ನು ಆ ಅತ್ತೆ ಹೊಲಿಸಿ ಕೊಟ್ಟಿದ್ದರಂತೆ, ಅಳತೆಗಿಂತ ಎರಡಿಂಚು ಕಡಿಮೆ. ಮದುವೆ ಹೊತ್ತಿಗೆ ಇದಕ್ಕೆ ಸರಿಯಾಗಬೇಕಮ್ಮ ಎಂದು ನಗುತ್ತಾ ಹೇಳಿದ್ದರಂತೆ. ಒಳಗೆ ಬಿಚ್ಚಲು ಬಟ್ಟೆಯನ್ನೂ ಬಿಡಿಸಿರಲಿಲ್ಲ. ಅರವತ್ತೆಂಟು ಕೆಜಿಯ ಗಟ್ಟಿಮುಟ್ಟಾದ ಹುಡುಗಿ ಬ್ಯೂಟಿ ಪಾರ್ಲರೊಂದರ ಮೇಲಿನ ಮಹಡಿಯ ಸ್ಲಿಮ್ಮಿಂಗ್ ಸೆಂಟರ್ ಹತ್ತಿದಳು. ವಾರಕ್ಕೊಂದು ಚುಚ್ಚು, ಮೂರು ತಿಂಗಳಲ್ಲಿ ಹನ್ನೊಂದು ಕೆಜಿ ಇಳಿಕೆ. ಕೊನೆಯದನ್ನು ಆಪರೇಷನ್‌ಗೆ ಎರಡು ದಿನ ಮುಂಚೆ ಚುಚ್ಚಿಸಿಕೊಂಡಿದ್ದಳು.

"ಪ್ರಿಸ್ಕ್ರಿಪ್ಷನ್ ಕೇಳಲಿಲ್ವಾ?" ಎಂದೆ.

"ಇಲ್ರಿ. ಇದು ಔಷಧಿ ಅಲ್ಲ, ಪ್ಯಾಕೇಜ್, ಡಾಕ್ಟರಿಗೆ ಹೇಳೋ ಜರೂರ ಇಲ್ಲ ಅಂದ್ರು."

ಔಷಧಿ ಅಲ್ಲವಂತೆ, ಅವರ ತಲೆ! ಸಕ್ಕರೆ ಕಾಯಿಲೆಯವರಿಗೆ, ನಿಜವಾದ ಬೊಜ್ಜಿನವರಿಗೆ ವೈದ್ಯರು ನೋಡಿ ಕೊಟ್ಟರೆ ಇದು ಒಳ್ಳೆಯ ಔಷಧಿಯೇ. ಹಸಿವು ತಗ್ಗಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತದೆ. ಗೊತ್ತಿದ್ದರೆ ಆಪರೇಷನ್ ಮುಂದೂಡುತ್ತಿದ್ದೆವು, ಇಲ್ಲವೇ ಸ್ಕ್ಯಾನಿನಲ್ಲಿ ಹೊಟ್ಟೆ ನೋಡುತ್ತಿದ್ದೆವು. ಬೇಗ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲೂ ಆಗಬಹುದು. ಮೆಹಂದಿ ಹಚ್ಚಿದಷ್ಟು ಸಲೀಸಾಗಿ ಚುಚ್ಚುವವರಿಗೆ ಇದೆಲ್ಲ ಯಾಕೆ ಬೇಕು? ಆ ಸೆಂಟರಿನ ಮೇಲೆ ಲಿಖಿತ ದೂರು ಕೊಟ್ಟೆ. ತಿಂಗಳೊಳಗೆ ಅದೇ ಮಹಡಿಯಲ್ಲಿ ಬೇರೆ ಹೆಸರಿನ ಬೋರ್ಡು ಬಂತು.

ಟ್ಯೂಬ್ ತೆಗೆದ ದಿನವೇ ಐಸಿಯುವಿನ ಹೊರಗೆ ಅತ್ತೆ ನನ್ನನ್ನು ತಡೆದಿದ್ದರು. ಇಂಜೆಕ್ಷನ್ ವಿಷಯ ಅವರಿಗಿನ್ನೂ ಗೊತ್ತಿರಲಿಲ್ಲ. "ಇಷ್ಟು ದಿನ ಬರೀ ಡ್ರಿಪ್ಸ್ ಅಲ್ವಾ ಡಾಕ್ಟ್ರೇ, ಇನ್ನೂ ಸ್ವಲ್ಪ ಇಳಿದಿರ್ತಾಳೆ. ಬ್ಲೌಸ್ ಸರಿಯಾಗಿ ಕೂತ್ಕೊಳ್ಳತ್ತೆ ಬಿಡಿ."

ನನಗೆ ಮೈಯೆಲ್ಲಾ ಉರಿದುಹೋಯಿತು. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ರೋಗಿಯ ಗುಟ್ಟು ರೋಗಿಯದು.

ಆರು ವಾರದ ನಂತರ, ಇಂಜೆಕ್ಷನ್ ಪೂರ್ತಿ ನಿಲ್ಲಿಸಿದ ಮೇಲೆ, ಸವಿತಾ ಆಪರೇಷನ್‌ಗೆ ಮತ್ತೆ ಬಂದಳು. ಈ ಸಲ ಜೊತೆಗಿದ್ದದ್ದು ಗದಗಿನಿಂದ ಬಂದ ಅವಳ ಅವ್ವ.

"ಎಲ್ಲಾ ನಾನೇ ಅತ್ತಿಯವರಿಗೆ ಹೇಳಿಬಿಟ್ಟೇನ್ರಿ ಮೇಡಂ. ಬ್ಲೌಸೂ ವಾಪಸ್ ಕೊಟ್ಟೆ. ಮದಿವಿ ಮಾಡ್ಕೊಳ್ಳೋದಿದ್ರ ನನ್ನ ಈಗಿನ ಅಳತಿಗೆ ಹೊಲಿಸ್ರಿ ಅಂದೇನಿ."

"ಅದಕ್ಕೆ ಏನಂದ್ರು?"

"ಇನ್ನೂ ಏನೂ ಅಂದಿಲ್ರಿ. ಅನ್ನೋತನಕ ನಾ ಹೊಟ್ಟಿ ತುಂಬ ಉಣ್ತೇನ್ರಿ."

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಈಗ ತಪಾಸಣೆಗೆ ಯಾರೇ ಬರಲಿ, ಮೊದಲು ಜೊತೆಯವರನ್ನು ಆಚೆ ಕಳಿಸಿ ಬಾಗಿಲು ಹಾಕುತ್ತೇನೆ. ತಿಂಗಳಿಗೆ ಒಬ್ಬರೋ ಇಬ್ಬರೋ ಆಗ ಬಾಯಿ ಬಿಡುತ್ತಾರೆ. ಗಂಡಂದಿರು ಗೊಣಗುತ್ತಾರೆ, ಅತ್ತೆಯಂದಿರು ಮುಖ ಊದಿಸುತ್ತಾರೆ. ಊದಿಸಲಿ. ಸೆಂಟರಿನವರನ್ನೂ ಆ ಅತ್ತೆಯನ್ನೂ ಬೈದು ಬೈದು ನನಗೆ ಸುಸ್ತಾಗಿದೆ. ಆದರೆ 'ಔಷಧಿ: ಇಲ್ಲ' ಎಂಬ ಆ ಹಾಳೆಯ ಮೇಲಿರುವುದು ನನ್ನ ಸಹಿ, ಮತ್ತು ಅವಳು ಕೈ ಹಿಡಿದು ಹೇಳಲು ಹೊರಟಾಗ ಆಮೇಲೆ ಎಂದವಳು ನಾನು.