ಕುದುರೆಯ ಬಾಯಿಗೆ ಬಂದ ಎಡೆ

ಹಿರಿಯರ ಹಬ್ಬವಾದ ಮಾರ್ಲಮಿಯ ಮಾರನೆಯ ಬೆಳಗ್ಗೆ ನಮ್ಮ ಬೀದಿಯಲ್ಲಿ ಏಳುತ್ತಿದ್ದ ವಾಸನೆ ನೆನೆದರೆ ಈಗಲೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಹಿರಿಯರಿಗೆ ಇಟ್ಟ ಎಡೆಯನ್ನು ಮೋರಿಗೆ ಚೆಲ್ಲಬಾರದು, ತಿಪ್ಪೆಗೆ ಹಾಕಬಾರದು, ಯಾವುದಾದರೂ ಜೀವದ ಬಾಯಿಗೆ ಹೋಗಬೇಕು ಎಂಬುದು ನಮ್ಮ ಕಡೆಯ ನಡಾವಳಿ. ಅದಕ್ಕೆ ನನ್ನ ತಕರಾರಿಲ್ಲ. ನಾನೂ ಎಡೆ ಇಟ್ಟು ಕೈಮುಗಿದವಳೇ. ಆದರೆ ರಾತ್ರಿಯೆಲ್ಲ ಮೂಲೆಯಲ್ಲಿ ಕೂತು ಹಳಸಿದ್ದನ್ನು, ಉಂಡವರು ಬಿಟ್ಟದ್ದನ್ನು, ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಎಡೆ ಎಂದರೆ ಹೇಗೆ? ಬೀದಿಯ ಕೊನೆಯಲ್ಲಿ ಹಸು ಕಟ್ಟಿದ್ದ ಹೆಂಗಸು, ಹಾಲು ಕೆಡುತ್ತದೆ ಎಂದು ಅವತ್ತು ಬಾಗಿಲೇ ತೆಗೆಯುತ್ತಿರಲಿಲ್ಲ. ಬಕೆಟ್ಟುಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದವು. ನಮ್ಮಲ್ಲಿ ಕುದುರೆ ಇತ್ತಲ್ಲ.

ಎಂಬತ್ತರ ದಶಕದ ಕೊಳ್ಳೇಗಾಲ. ನಮ್ಮ ಯಜಮಾನರು ಬಸ್ ಸ್ಟ್ಯಾಂಡಿನ ಮುಂದೆ ಜಟಕಾ ನಿಲ್ಲಿಸುತ್ತಿದ್ದರು. ಹನೂರು, ಯಳಂದೂರಿನ ಬಸ್ಸಿಳಿದವರು, ಸೀರೆ ಗಂಟಿನವರು ಹತ್ತುತ್ತಿದ್ದರು. ಆ ಕಂದು ಹೆಣ್ಣು ಕುದುರೆ ನಡೆದರೆ ನಮ್ಮ ಒಲೆ ಉರಿಯುತ್ತಿತ್ತು.

ಅದರ ಊಟ ನನ್ನ ಪಾಲಿನ ಕೆಲಸ. ರಾತ್ರಿ ಹುರುಳಿ ನೆನೆಹಾಕಿ ಬೆಳಗ್ಗೆ ಬೇಯಿಸುತ್ತಿದ್ದೆ. ಕಟ್ಟು ಬಸಿದು ನಮ್ಮ ಸಾರಿಗೆ, ಕಾಳು ಕುದುರೆಗೆ. ಒಂದೇ ಪಾತ್ರೆಯಲ್ಲಿ ಎರಡು ಕಡೆಯ ಹೊಟ್ಟೆಗೂ ಆಗುವಂತೆ ದೇವರು ನಡೆಸಿದ್ದ. ಕಾಳು ಪೂರ್ತಿ ಆರಿದ ಮೇಲೆ ಬೂಸಾ, ಚೂರು ಉಪ್ಪು ಬೆರೆಸಿ ಕೊಡಬೇಕು. ಮೊದಲು ನೀರು, ಆಮೇಲೆ ಕಾಳು. ಓಡಿ ಬಂದು ಬೆವರುತ್ತಿರುವಾಗ ಎರಡೂ ಇಲ್ಲ. ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ. ಉಳಿದ ಹೊತ್ತೆಲ್ಲ ಬಾಯಾಡಿಸಲು ಹುಲ್ಲು. ಬೂಸಾ ಮುಗ್ಗಲಾಗಿದ್ದರೆ ಅದನ್ನು ಚೆಲ್ಲಿ, ಆ ಹೊತ್ತು ಬರೀ ಹುಲ್ಲು ಹಾಕುತ್ತಿದ್ದೆ. ನನ್ನ ಮಗುವಿನ ತಟ್ಟೆಗಿಂತ ಅದರ ಮೇವಿನ ಬಾನಿಯನ್ನೇ ನಾನು ಹೆಚ್ಚು ಮೂಸಿದ್ದೇನೆ.

ಆ ವರ್ಷ ಮಾರ್ಲಮಿಯ ಮಾರನೇ ದಿನ ಯಜಮಾನರು ಗಾಡಿಯ ಚಕ್ರಕ್ಕೆ ಪಟ್ಟಾ ಹಾಕಿಸಲು ಕಮ್ಮಾರರ ಹತ್ತಿರ ಹೋಗಿದ್ದರು. ನಾನು ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಎದುರು ಮನೆಯಾಕೆ ನಮ್ಮ ಹಿತ್ತಿಲಲ್ಲಿ ಖಾಲಿ ಬಕೆಟ್ಟು ಹಿಡಿದು ನಿಂತಿದ್ದಳು. ನಮ್ಮ ಅತ್ತೆ ಕುದುರೆಯ ಕತ್ತು ಸವರುತ್ತಿದ್ದರು. ಕುದುರೆ ಬಾನಿಯೊಳಗೆ ಮೂತಿ ಹಾಕಿತ್ತು.

"ಎಂಗ್ ತಿಂತದೆ ನೋಡವ್ವ, ನಮ್ ಮಾವ್ನೋರೇ ಬಂದು ಉಂಡಂಗದೆ" ಅಂದಳು ಎದುರು ಮನೆಯಾಕೆ.

ನಾನು ಬಗ್ಗಿ ನೋಡಿದೆ. ಹಳಸಿ ನೂಲು ಬಿಟ್ಟ ಅನ್ನ, ಕುಂಬಳಕಾಯಿ ಪಲ್ಯ, ಪಾಯಸದಲ್ಲಿ ನೆಂದು ಊದಿದ ಕಜ್ಜಾಯ, ಮೇಲೆ ಬಾಡಿನ ಸಾರಿನ ಜಿಡ್ಡು. ಒಂದು ಮೂಳೆ. ಪಕ್ಕದಲ್ಲಿ ಒಂದು ಬೀಡಿ. ಇದೇನಕ್ಕ ಬೀಡಿ ಎಂದು ಕೇಳಿದೆ.

"ನಮ್ ಮಾವ ಸೇದ್ತಿದ್ರಲ್ವವ್ವ, ಎಡೆಗೆ ಇಟ್ಟಿದ್ವಿ."

"ನಮ್ ಕುದ್ರೆ ಸೇದಕಿಲ್ಲ" ಅಂದು ಬಾನಿ ಎಳೆದುಕೊಂಡೆ. ಮುಕ್ಕಾಲು ಭಾಗ ಆಗಲೇ ಒಳಗೆ ಹೋಗಿತ್ತು. ಬಂದ ಎಡೆಯನ್ನು ಬೇಡ ಅನ್ನಬಾರದು, ಹಿರಿಯರು ಮುನಿಯುತ್ತಾರೆ ಎಂದು ಅತ್ತೆ ನನಗೇ ಬುದ್ಧಿ ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಕುದುರೆ ಹುಲ್ಲು ಮುಟ್ಟಲಿಲ್ಲ. ಮುಂಗಾಲಲ್ಲಿ ನೆಲ ಕೆರೆಯಿತು, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಿತು, ಮೈಯೆಲ್ಲ ಬೆವರಿ ಧೊಪ್ಪನೆ ಬಿದ್ದು ಹೊರಳಿತು. ಯಜಮಾನರು ಬಂದವರು ಬಾನಿಯನ್ನು ಒಮ್ಮೆ ಮೂಸಿ, ದನದ ಆಸ್ಪತ್ರೆಗೆ ಓಡಿದರು. ಡಾಕ್ಟರು ಬಂದು ಮೂಗಿನಿಂದ ಹೊಟ್ಟೆಗೆ ರಬ್ಬರಿನ ಕೊಳವೆ ಇಳಿಸಿ ಎಣ್ಣೆ ಬಿಟ್ಟರು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಹಿಂದಿನಿಂದಲೇ ಹೋಗಬೇಕು, ಹೋಗದಿದ್ದರೆ ಇದು ಉಳಿಯುವುದಿಲ್ಲ ಎಂದರು. ಹೊರಳಲು ಬಿಡಬೇಡಿ, ನಡೆಸುತ್ತಿರಿ, ಲದ್ದಿ ಹಾಕುವವರೆಗೂ ಏನೂ ತಿನ್ನಿಸಬೇಡಿ ಎಂದು ಹೇಳಿ ಹೋದರು.

ನಡೆಸಿದೆವು. ಯಜಮಾನರು ಮುಂದೆ ಹಗ್ಗ ಹಿಡಿದು, ನಾನು ಹಿಂದೆ ಬಿಳಿಗಿರಿರಂಗನನ್ನು ಕರೆಯುತ್ತಾ. ಬೀದಿಯವರು ಜಗುಲಿಗೆ ಬಂದು ನಿಂತರು. ಒಬ್ಬಳು ಮಜ್ಜಿಗೆ ಕುಡಿಸಿ ಎಂದು ಚೊಂಬು ತಂದಳು. ಇನ್ನೊಬ್ಬಳು ಕಜ್ಜಾಯ ಅಗಿಯುತ್ತಲೇ ಅಯ್ಯೋ ಪಾಪ ಅಂದಳು. ಎದುರು ಮನೆಯಾಕೆ, ಆ ಬಕೆಟ್ಟಿನಾಕೆಯೇ, ಮೆಣಸಿನಕಾಯಿ ಹಿಡಿದು ಬಂದು, "ಯಾರ್ದೋ ಕಣ್ ಬಿದ್ದದೆ ಕಣ್ರಿ, ದೃಷ್ಟಿ ತೆಗೀರಿ" ಅಂದಳು. ನನಗೆ ಅವಳ ಮುಖ ನೋಡಲೂ ಹೇಸಿಗೆಯಾಯಿತು. ಪುಣ್ಯ ಅವರ ಮನೆಗೆ, ಶೂಲೆ ನಮ್ಮ ಕುದುರೆಗೆ.

ದೀಪ ಹಚ್ಚುವ ಹೊತ್ತಿಗೆ ಕುದುರೆ ನಿಂತು, ಬಾಲ ಎತ್ತಿ, ಲದ್ದಿ ಹಾಕಿತು. ನೀರುನೀರಾಗಿ, ಅಗಿಯದ ಅನ್ನದಗುಳು ಹಾಗೇ ಕಾಣುವಂತೆ. ಆ ಹುಳಿ ನಾತಕ್ಕೆ ಜಗುಲಿಯ ಮೇಲಿದ್ದವರು ಮೂಗಿಗೆ ಸೆರಗಿಟ್ಟು ಒಳಗೆ ಹೋದರು. ತಮ್ಮ ಬೀದಿಯ ಎಡೆಯ ಅನ್ನವೇ ಅದು. ನಾನು ನಡುಬೀದಿಯಲ್ಲಿ ಕೈಮುಗಿದೆ.

ಯಜಮಾನರು ಹಗ್ಗ ಬಿಗಿದು ಕಟ್ಟುವಾಗ ಅತ್ತೆ ಅಂದರು, "ನೋಡ್ದಾ ಮಗ, ಎಡೆ ತಿಂದಿದ್ಕೇ ಹಿರೀಕ್ರು ಕಾಪಾಡುದ್ರು."

ಅವರು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದರು. ನಾನು ಪೊರಕೆ ತೆಗೆದುಕೊಂಡೆ. ಕುದುರೆಗೆ ಎರಡು ದಿನ ಹಿಡಿ ಹಿಡಿಯಾಗಿ ಹಸಿ ಗರಿಕೆ ಮಾತ್ರ. ಆಮೇಲೆ ಜಟಕಾ ಹೂಡುವಷ್ಟು ಶಕ್ತಿ ಬಂತು. ಅದು ದೇವರ ದಯೆ, ಎಡೆಯದಲ್ಲ.

ಮುಂದಿನ ವರ್ಷ ಮಾರ್ಲಮಿಯ ಮಾರನೇ ದಿನ ನಾನು ದೇವಸ್ಥಾನಕ್ಕೆ ಹೋಗಲಿಲ್ಲ. ಬೆಳಗ್ಗೆಯೇ ಹಿತ್ತಿಲ ಬಾಗಿಲಲ್ಲಿ ಕೂತಿದ್ದು, ಬಂದ ಬಕೆಟ್ಟನ್ನೆಲ್ಲ ನಾನೇ ಇಸಿದುಕೊಂಡು, ತಂದವರು ಹೋದ ಮೇಲೆ ನುಗ್ಗೆ ಮರದ ಬುಡದಲ್ಲಿ ಅಗೆದಿಟ್ಟ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಅವತ್ತು ನನಗೆ ಊಟ ಸೇರಲಿಲ್ಲ. ಪಾಪವಾದರೆ ನನಗಿರಲಿ ಎಂದು ಹಿರಿಯರಿಗೆ ಹೇಳಿಕೊಂಡೆ. ಕುದುರೆ ಹುಲ್ಲು ತಿನ್ನುತ್ತಿತ್ತು. ಎದುರು ಮನೆಯಾಕೆ ಸಂಜೆ ಖಾಲಿ ಬಕೆಟ್ಟು ಒಯ್ಯಲು ಬಂದು, ಅದರ ಒಳಗೆ ಬೆರಳಾಡಿಸಿ, ಸರಿಯಾಗಿ ತೊಳೆದಿಲ್ಲ ಎಂದು ಹೇಳಿ ಹೋದಳು.